ಪದ ಬೇಕು: ಕೋಟೆಯ ಹೊರಗಿನ ‘ಗ್ಲಾಸಿ’ಗೆ ಕನ್ನಡದಲ್ಲಿ ಏನಂತೀರಿ? (ಶುಕ್ರವಾರದೊಳಗೆ)

ಸ್ಟ್ರಾಸ್‌ಬರ್ಗ್‌ನಿಂದ:

ಎಲ್ಲರಿಗೂ ನಮಸ್ಕಾರ. ನಾಲ್ಕು ಪದ ಅರ್ಜೆಂಟಾಗಿ ಬೇಕು, ಶುಕ್ರವಾರ ಬೆಳಗ್ಗೆ ಪ್ರಿಂಟಿಗೆ ಕೊಡ್ತೀನಿ. ಇಲ್ಲಿರೋ ಒಂದಷ್ಟು ಕನ್ನಡದ ಮನೆಯವರು ಭಾನುವಾರ ನಫ್-ಬ್ರಿಸಾಕ್ ಕೋಟೆಗೆ ಹೋಗ್ತಿದೀವಿ, ಊರಿಂದ ಬಂದಿರೋ ಅಪ್ಪ ಅಮ್ಮಂದಿರೇ ಹನ್ನೊಂದು ಜನ ಇದಾರೆ, ಅವರಿಗೆ ಅಂತ ಎರಡು ಪುಟದ್ದು ನಕ್ಷೆ ಸಮೇತ ಕನ್ನಡದಲ್ಲಿ ಮಾಡ್ತಿದೀನಿ. ಕಥೆ ಬರೆದಾಯ್ತು. 1697ರ ರಿಸ್ವಿಕ್ ಒಪ್ಪಂದದಲ್ಲಿ ರೈನ್ ನದಿ ಆಚೆ ದಡದ ಬ್ರೈಸಾಕ್ ಫ್ರಾನ್ಸಿನ ಕೈಬಿಟ್ಟು ಹೋಯ್ತು, ಅದಕ್ಕೆ ದೊರೆ 14ನೇ ಲೂಯಿ ಈಚೆ ದಡದಲ್ಲಿ ಹೊಸ ಊರನ್ನೇ ಕಟ್ಟಿಸಿದ, ಅವನ ಕೋಟೆ ಎಂಜಿನಿಯರ್ ವೊಬಾಂ ಮೂರು ಪ್ಲಾನ್ ಕೊಟ್ಟಿದ್ದ, 1698-99ರ ಹೊತ್ತಿಗೆ ಕೆಲಸ ಶುರು, ಕಲ್ಲು ತರೋಕೆ ಅಂತಲೇ ಒಂದು ಕಾಲುವೆ ತೋಡಿದ್ರು, ಎಂಟು ಮೂಲೆ, ನಾಲ್ಕು ಬಾಗಿಲು, ಒಳಗೆ ಚೌಕಾಬಾರದ ಮನೆ ಥರ ಬೀದಿಗಳು. ಇಲ್ಲೀತನಕ ಕನ್ನಡ ಸರಾಗ ಬಂತು. ಗೋಡೆ ದಾಟಿ ಹೊರಗೆ ಕಾಲಿಟ್ಟೆ ನೋಡಿ, ಅಲ್ಲಿ ಸಿಕ್ಕಿಹಾಕಿಕೊಂಡೆ.

ಬೇಕಾಗಿರೋದು: ಬಾಸ್ಟಿಯನ್ (ಕೋಟೆ ಗೋಡೆಯಿಂದ ಹೊರಕ್ಕೆ ಚಾಚಿರೋ ಚೂಪು ಮೂಲೆ), ದಮಿ-ಲ್ಯೂನ್ (ಗೋಡೆ ಮುಂದೆ ಬೇರೆಯಾಗಿ ನಿಂತಿರೋ ಕಾವಲು ಕಟ್ಟೆ), ಶಮಾಂ ಕುವೇರ್ (ಕಂದಕದ ಆಚೆ ಅಂಚಿನ ಸಿಪಾಯಿಗಳ ದಾರಿ), ಗ್ಲಾಸಿ. ಮೊದಲ ಮೂರಕ್ಕೆ ಏನೋ ಒಂದು ಮಾಡ್ಕೋಬಹುದು. ಗ್ಲಾಸಿ ಅಂದ್ರೆ ಕಂದಕದ ಆಚೆ ಅಂಚಿಂದ ಹೊಲದ ಕಡೆಗೆ ನಿಧಾನಕ್ಕೆ ಇಳಿದುಹೋಗೋ ಮಣ್ಣಿನ ಇಳಿಜಾರು, ಅದರ ಮೇಲೆ ಮರ ಮನೆ ಏನೂ ಇರಬಾರದು, ಬರೋ ಶತ್ರುವಿಗೆ ಬಚ್ಚಿಟ್ಕೊಳ್ಳೋಕೆ ಒಂದು ಪೊದೆನೂ ಸಿಗಬಾರದು, ಮತ್ತೆ ದೂರದಿಂದ ಹೊಡೆದ ತೋಪಿನ ಗುಂಡು ನೇರ ಗೋಡೆಗೆ ಬೀಳದ ಹಾಗೆ ಈ ಮಣ್ಣೇ ಅಡ್ಡ ನಿಂತಿರತ್ತೆ. ನಮ್ಮ ಬುತ್ತಿ ಬಿಚ್ಚೋದೂ ಅಲ್ಲೇ. ಅಂದ್ರೆ ‘ಊಟ ಇಂಥಾ ಕಡೆ’ ಅಂತ ನಕ್ಷೆ ಮೇಲೆ ಬರೀಬೇಕು, ಎಪ್ಪತ್ತು ವರ್ಷದವರು ಓದಿ ಅಲ್ಲಿಗೆ ಬರಬೇಕು.

ಧಾರವಾಡದಿಂದ:

ಬಾಸ್ಟಿಯನ್ನಿಗೆ ಬುರುಜು ಅಂತ ಹಾಕ್ರಿ, ಮುಗೀತು. ವಿಜಾಪುರದಾಗ ಉಪ್ಪಲಿ ಬುರುಜು ನೋಡದ ಮಂದಿ ಯಾರದಾರ. ದಮಿ-ಲ್ಯೂನ್ ಅಂದ್ರ ಅರ್ಧಚಂದ್ರ, ಇದರಾಗ ಕೇಳೂದೇನೈತಿ. ಗ್ಲಾಸಿಗೆ ಇಳಿಜಾರು ಸಾಕು.

ಬೆಂಗಳೂರಿನಿಂದ:

ಬುರುಜು ಅರಬ್ಬಿಯದ್ದು, ಎರವಲು. ನಮ್ಮದೇ ‘ಕೊತ್ತಲ’ ಇರುವಾಗ ಅದರ ಗೊಡವೆ ಏಕೆ? ತಮಿಳರೂ ಕೊತ್ತಳಂ ಎನ್ನುತ್ತಾರೆ. ಇನ್ನು ಕೇಳಿದವರೇ ಬರೆದಿರುವ ‘ಕಂದಕ’ ಕೂಡ ಪಾರಸಿ ನುಡಿಯದ್ದು, ಅದರ ಅರ್ತ ತೋಡಿದ್ದು ಅಂತ. ಅಗೆ, ಅಗೆತ ಇವುಗಳ ನಂಟಿನ ‘ಅಗಳು’, ‘ಅಗಳ್ತೆ’ ಹಳಗನ್ನಡದಿಂದ ಬಂದಿವೆ, ಅದನ್ನೇ ಹಾಕಿ. ಗ್ಲಾಸಿ ಎಂಬುದು ಹಳೆಯ ಪ್ರೆಂಚಿನ ‘ಜಾರು’ ಎಂಬ ಹುರುಳಿನ ಎಸಕಪದದಿಂದ (ಕ್ರಿಯಾಪದದಿಂದ) ಬಂದಿದೆ, ಮಂಜುಗಡ್ಡೆಗೆ ಅವರು ಹೇಳುವ ಗ್ಲಾಸ್ ಇದರ ನೆಂಟ. ಹಾಗಾಗಿ ಕನ್ನಡದಲ್ಲಿ ‘ಜಾರು’. ಒಂದೇ ಪದ, ಎರಡೇ ಬರಿಗೆ.

ಸಾಗರದಿಂದ:

ಅಗಳು ಹಳಗನ್ನಡದಿಂದ ಅಗೆದು ತರಬೇಕಾಗಿಲ್ಲ ಮಾರಾಯ್ರೇ, ನಮ್ಮ ಕಡೆ ತೋಟಕ್ಕೆ ದನ ನುಗ್ಗಬಾರದು ಅಂತ ಈಗಲೂ ಅಗಳ ಹೊಡೆಸ್ತೇವೆ. ಕೊಡಗಿನವರ ಕಡಂಗನೂ ಇದೆ, ಅದಂತೂ ಯುದ್ಧಕ್ಕೇ ತೋಡಿದ್ದು. ಆದ್ರೆ ಕಂದಕ ಅಂದ್ರೆ ಯಾರಿಗೆ ಗೊತ್ತಾಗಲ್ಲ? ಪಾರಸಿ ಅಂತ ಅಂಜಿ ಅದನ್ನ ಹೊರಗೆ ಹಾಕೋದು ಸುಮ್ನೆ ಹಟ.

ಹಾಸನದಿಂದ:

ಮೇಷ್ಟ್ರೇ, ಉಪ್ಪಲಿ ಬುರುಜು ಗುಂಡಗೆ ಒಂಟಿಯಾಗಿ ನಿಂತಿದೆ, ಬಾಸ್ಟಿಯನ್ ಹಂಗಲ್ಲ. ಬಾಸ್ಟಿಯನ್ನಿನ ಕಥೆ ಇರೋದೇ ಅದು ಗುಂಡಗಿಲ್ಲ ಅನ್ನೋದ್ರಲ್ಲಿ. ಗುಂಡನೆ ಬುರುಜಿನ ಮುಂದೆ ಕಾವಲಿನವರ ಕಣ್ಣಿಗೂ ಗುಂಡಿಗೂ ಸಿಗದ ಒಂದಿಷ್ಟು ಜಾಗ ಉಳಿದೇ ಉಳಿಯುತ್ತೆ, ಶತ್ರು ಅಲ್ಲಿ ಬಂದು ಕೂತು ಗೋಡೆ ಕೆಳಗೆ ಸುರಂಗ ತೋಡ್ತಾನೆ. ಅದನ್ನೇ ಚೂಪು ಮಾಡಿದ್ರೆ ಒಂದರ ಮುಖವನ್ನ ಪಕ್ಕದ್ದು ಕಾಯುತ್ತೆ, ಮರೆ ಜಾಗನೇ ಇರಲ್ಲ. ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆ ಎಂಟು ಮೂಲೆ ನಕ್ಷತ್ರ ಯಾಕಾಗಿದೆ ಅಂದ್ಕೊಂಡ್ರಿ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಫ್ರೆಂಚ್ ಎಂಜಿನಿಯರುಗಳ ಕೈ ಇತ್ತು ಅಂತಾರೆ. ಅದಕ್ಕೆ ಬರೀ ಬುರುಜು ಅಂದ್ರೆ ತಪ್ಪು ಚಿತ್ರ ಬರುತ್ತೆ. ‘ಚೂಪು ಕೊತ್ತಲ’ ಅನ್ನಿ.

ಇನ್ನೊಂದು ಮುಖ್ಯವಾದ್ದು, ಶಮಾಂ ಕುವೇರ್‌ನ ದಯವಿಟ್ಟು ‘ಮುಚ್ಚಿದ ದಾರಿ’ ಅಂತ ಬರೀಬೇಡಿ! ಅದಕ್ಕೆ ಚಾವಣಿ ಗೀವಣಿ ಏನೂ ಇಲ್ಲ, ಆಕಾಶಕ್ಕೆ ತೆರೆದೇ ಇರುತ್ತೆ. ಗ್ಲಾಸಿಯ ತಲೆಯ ಹಿಂದೆ ಸಿಪಾಯಿಗಳು ಶತ್ರುವಿನ ಕಣ್ಣಿಗೆ ಬೀಳದೆ ಓಡಾಡೋ ದಾರಿ ಅದು. ‘ಮರೆದಾರಿ’ ಸರಿ ಹೋಗುತ್ತೆ.

ಸ್ಟ್ರಾಸ್‌ಬರ್ಗ್‌ನಿಂದ:

ಮರೆದಾರಿ! ಸರ್, ತುಂಬಾ ಥ್ಯಾಂಕ್ಸ್, ನಾನು ‘ಮುಚ್ಚಿದ ದಾರಿ’ ಅಂತಲೇ ಬರೆದಿಟ್ಟಿದ್ದೆ, ಹನ್ನೊಂದು ಜನ ಹಿರಿಯರು ಸುರಂಗ ಎಲ್ಲಿ ಸುರಂಗ ಎಲ್ಲಿ ಅಂತ ಹುಡುಕ್ತಿದ್ರು.

‘ಜಾರು’ ಬಗ್ಗೆ ಒಂದು ಮಾತು. ‘ಊಟ: ಜಾರಿನ ಮೇಲೆ’ ಅಂತ ನಕ್ಷೇಲಿ ಹಾಕಿದ್ರೆ ನಮ್ಮತ್ತೆ ಬಸ್ಸಿಂದ ಇಳಿಯೋದೇ ಇಲ್ಲ. ಹೋದ ವರ್ಷ ಮಂಡಿ ಆಪರೇಷನ್ ಆಗಿದೆ.

ಬೆಂಗಳೂರಿನಿಂದ:

ಪದಕಟ್ಟಣೆ ಒಬ್ಬರ ಮಂಡಿ ನೋಡಿಕೊಂಡು ನಡೆಯುವುದಿಲ್ಲ.

ಮೈಸೂರಿನಿಂದ:

ಪದ ಅವರು ಕೇಳಿದ್ದೇ ಆ ಮಂಡಿಯವರಿಗೋಸ್ಕರ. ಮತ್ತೆ ‘ಅರ್ತ’ಕ್ಕೆ ಮೊದಲು ಮಹಾಪ್ರಾಣ ವಾಪಸ್ ಕೊಡಿ, ಆಮೇಲೆ ಹೊಸ ಪದ ಕೊಡುವಿರಂತೆ.

ನನ್ನ ತಕರಾರು ಬೇರೆ. ಗ್ಲಾಸಿ ಮೇಲೆ ಯಾರೂ ಜಾರಲ್ಲ, ನಾನು ಲೀಲ್‌ನಲ್ಲಿ ಓಡಾಡಿದೀನಿ, ವೊಬಾಂನ ಐದು ಮೂಲೆ ಸಿಟಾಡೆಲ್ (ಊರು ಕಾಯೋ ಕೋಟೆ) ಹತ್ತಿರ, ನಡೀತಾ ನಡೀತಾ ಇಳಿಜಾರು ಅಂತ ಗೊತ್ತೇ ಆಗಲ್ಲ. ಫ್ರೆಂಚರಿಗೆ ಆ ಹೆಸರು ಯಾವ ಕಾಲದಲ್ಲೋ ಅಂಟಿಕೊಂಡಿತು, ಅವರ ಧಾತುವನ್ನ ನಾವು ಅನುವಾದ ಮಾಡೋದು ಎಲ್ಲಿಯ ನ್ಯಾಯ? ಆ ಜಾಗ ಏನು ಕೆಲಸ ಮಾಡುತ್ತೆ ನೋಡಿ ಹೆಸರಿಡಿ. ಅದೇ ತಪ್ಪು ಅರ್ಧಚಂದ್ರದಲ್ಲೂ ಆಗಿದೆ. ನಫ್-ಬ್ರಿಸಾಕಿನ ದಮಿ-ಲ್ಯೂನುಗಳು ಮುಕ್ಕೋನದವು, ಚಂದ್ರನ ಆಕಾರ ಯಾವ ಕಡೆಯಿಂದಲೂ ಕಾಣಲ್ಲ. ಅದು ಎರಡು ಕೊತ್ತಲದ ನಡುವಿನ ಗೋಡೆಗೆ, ಹೆಬ್ಬಾಗಿಲಿಗೆ, ಮುಂದೆ ನಿಂತ ಕಾವಲು. ‘ಮುಂಗಾಪು’ ಅನ್ನಿ.

ಧಾರವಾಡದಿಂದ:

ಅರ್ಧಚಂದ್ರಕ್ಕ ಕನ್ನಡದಾಗ ಇನ್ನೊಂದು ಅರ್ಥ ಐತಿ, ಮರತ್ರ್ಯಾ? ಕುತ್ತಿಗಿಗೆ ಕೈ ಹಾಕಿ ಹೊರಗ ದಬ್ಬೂದು, ಅರ್ಧಚಂದ್ರ ಪ್ರಯೋಗ. ಬಾಗಲಾ ಮುಂದ ನಿಂತು ಬಂದಾವ್ರನ್ನ ದಬ್ಬೂದ ಅದರ ಕೆಲಸ ಆದ್ರ ಇದಕ್ಕಿಂತ ಚಲೋ ಹೆಸರು ಎಲ್ಲಿ ಸಿಗತೈತಿ. ನಿಮ್ಮ ಮುಂಗಾಪು ಯಾವ ನಿಘಂಟಿನಾಗೂ ಇಲ್ಲ.

ಮಂಗಳೂರಿನಿಂದ:

ಯಾರೂ ಬತೇರಿ ಅನ್ನಲಿಲ್ವಲ್ಲ. ನಮ್ಮಲ್ಲಿ ಸುಲ್ತಾನ್ ಬತ್ತೇರಿ ಉಂಟು, ಚಿತ್ರದುರ್ಗದಲ್ಲಿ ಝಂಡಾ ಬತೇರಿ, ಲಾಲ್ ಬತೇರಿ ಎಲ್ಲ ಉಂಟು. ಬಾಸ್ಟಿಯನ್ನಿಗೆ ಜನ ಆಡುವ ಮಾತು ಅದೇ ಅಲ್ವಾ?

ಹಾಸನದಿಂದ:

ಬತೇರಿ ಅಂದ್ರೆ ಯುರೋಪಿನವರ ಬ್ಯಾಟರಿನೇ, ತೋಪು ಸಾಲಾಗಿ ಇಡೋ ಜಾಗ. ಫ್ರೆಂಚ್ ನಕ್ಷೆಗಳಲ್ಲಿ ಬಾತ್ರಿ ಅಂತ ಬೇರೆಯಾಗೇ ಗುರುತು ಹಾಕಿರ್ತಾರೆ. ಅದನ್ನ ತಂದು ಬಾಸ್ಟಿಯನ್ನಿಗೆ ಅಂಟಿಸಿದ್ರೆ ಗೊಂದಲ.

ಬೆಂಗಳೂರಿನಿಂದ:

ನೋಡಿ, ಅರಬ್ಬಿ ಬಿಟ್ಟರೆ ಪಾರಸಿ, ಪಾರಸಿ ಬಿಟ್ಟರೆ ಪ್ರೆಂಚು. ಕೋಟೆ ಕಟ್ಟಿ ಆಳಿದ ನಾಡಿಗೆ ಕೋಟೆಯ ಪದಗಳಿಗೂ ಬರವೇ? ಹಳೆಯ ಕಾವ್ಯಗಳಲ್ಲಿ ‘ಆಳುವೇರಿ’ ಇದೆ. ಆಳು ನಿಲ್ಲುವ ಏರಿ, ಆಳು+ಏರಿ. ಕೆರೆ ಏರಿಯ ಏರಿಯೇ ಇದು. ಅದೇ ದಾರಿಯಲ್ಲಿ ಹೋಗಿ ಗ್ಲಾಸಿಯನ್ನು ‘ಹೊರಯೇರಿ’ ಎನ್ನಬಹುದು. ಜಾರು ಬೇಡವಾದರೆ ಇದನ್ನು ತೆಗೆದುಕೊಳ್ಳಿ.

ಧಾರವಾಡದಿಂದ:

ಆಳು+ಏರಿ ಆಳೇರಿ ಆಗಬೇಕಿತ್ತು, ವಕಾರ ಎಲ್ಲಿಂದ ಹಾರಿ ಬಂತು? ಇಂಥಾ ಸಂಧಿ ಬಿಡಿಸಿ ಬಿಡಿಸಿನ ಅರ್ಧ ಕನ್ನಡ ಹಾಳಾಗೇತಿ.

ಮೈಸೂರಿನಿಂದ:

ಏರಿ ಅಂದ್ರೆ ನೀರು ತಡೆಯೋಕೆ ಎತ್ತರಕ್ಕೆ ಹಾಕಿದ ಮಣ್ಣು. ಗ್ಲಾಸಿ ಒಂದು ಕಡೆಯಿಂದ ನೋಡಿದ್ರೆ ಎತ್ತರವೇ ಕಾಣಲ್ಲ. ಬೇಡ.

ಇನ್ನು ಎರವಲಿನ ಗೋಳು. ಸ್ವಾಮಿ, ಫ್ರೆಂಚರ ಕೋಟೆ ಮಾತೇ ಮುಕ್ಕಾಲು ಪಾಲು ಇಟಲಿಯದ್ದು. 1494ರಲ್ಲಿ 8ನೇ ಶಾರ್ಲ್ ಇಟಲಿ ಮೇಲೆ ದಂಡೆತ್ತಿ ಹೋದ, ಅಲ್ಲಿಂದ ಅರವತ್ತು ಚಿಲ್ಲರೆ ವರ್ಷ ಹೊಡೆದಾಡಿದ್ರು, ಆ ಗಲಾಟೆಯಲ್ಲಿ ಬಾಸ್ಟಿಯನ್, ಸಿಟಾಡೆಲ್, ಪ್ಯಾರಪೆಟ್, ಕಾಸ್‌ಮಾಟ್, ಕಡೆಗೆ ಸಿಪಾಯಿಗೆ ಹೇಳೋ ಸೊಲ್ದಾ ಕೂಡ ಇಟಲಿ ಕಡೆಯಿಂದ ಬಂದವು. ಆಗಲೂ ನಿಮ್ಮಂಥೋರು ಇದ್ರು, ಆಂರಿ ಎತ್ಯೆನ್ ಅನ್ನೋ ಪಂಡಿತ 1578ರಲ್ಲಿ ಇಟಲಿ ಬೆರೆಸಿದ ಫ್ರೆಂಚಿನ ಮೇಲೆ ಕೆಂಡ ಕಾರಿದ. ಸೊಲ್ದಾ ಇವತ್ತಿಗೂ ಇದೆ. ಆ ಎರವಲು ಮಾತಲ್ಲೇ ವೊಬಾಂ ಇಡೀ ಗಡಿಗೆ ಕೋಟೆ ಹಾಕಿದ, 1703ರಲ್ಲಿ ಮಾರ್ಷಲ್ ಆದ, ಅವನ ಕೋಟೆಗಳಲ್ಲಿ ಹನ್ನೆರಡನ್ನ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ರು, ಕೇಳಿದವರು ಹೋಗ್ತಿರೋದೂ ಅದರಲ್ಲೊಂದು. ಅವನ ಗೋಡೆ ಏನು ಎರವಲು ಪದದಿಂದ ಬಿರುಕು ಬಿಟ್ಟಿದೆಯಾ?

ಬೆಂಗಳೂರಿನಿಂದ:

ಅವರು ಇಟಲಿಯಿಂದ ತಂದರೆ ಅಕ್ಕತಂಗಿ ನುಡಿಯಿಂದ ತಂದ ಹಾಗೆ. ನಾವು ತರುವುದು ಬೇರೆ ಮನೆತನದಿಂದ. ಇದನ್ನು ಅರಿಯದವರ ಜೊತೆ ಮಾತು ಬೇಡ.

ಸಾಗರದಿಂದ:

ಅಕ್ಕತಂಗಿ ಮನೆಯಿಂದ ತಂದ ಸಕ್ಕರೆ ಮಾತ್ರ ಸಾಲ ಅಲ್ಲವೋ? 🙂

ಹಾಸನದಿಂದ:

ಜಗಳ ನಡೀಲಿ, ನಾನು ಗ್ಲಾಸಿಗೇ ವಾಪಸ್ ಬರ್ತೀನಿ, ಯಾಕಂದ್ರೆ ಆ ಪದದ ಜೀವ ‘ಬಯಲು’ ಅನ್ನೋದ್ರಲ್ಲಿದೆ, ಓರೆ ಅನ್ನೋದು ಎರಡನೇ ಮಾತು. ಅಲ್ಲಿ ಬಂದವನು ಬಟ್ಟಬಯಲಲ್ಲಿ ನಿಂತಿರ್ತಾನೆ. ಅದಕ್ಕೇ ವೊಬಾಂ ತಾನೇ ಮುತ್ತಿಗೆ ಹಾಕುವಾಗ ಆ ಬಯಲನ್ನ ನೇರ ದಾಟೋಕೆ ಹೋಗ್ತಿರಲಿಲ್ಲ, 1673ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಕೋಟೆಗೆ ಸಮನಾಗಿ ಸಾಲು ಸಾಲು ಹಳ್ಳ ತೋಡಿಸ್ಕೊಂಡು, ಒಂದರಿಂದ ಇನ್ನೊಂದಕ್ಕೆ ಅಂಕುಡೊಂಕಾಗಿ ಹತ್ತಿರ ಹತ್ತಿರ ಹೋದ, ಎರಡೇ ವಾರ ಚಿಲ್ಲರೆಯಲ್ಲಿ ಊರು ಕೈಗೆ ಬಂತು. ಹಾಗಂತ ಬಯಲು ಒಂದೇ ಕಾಪಾಡಲ್ಲ, ವೆರ್ದನ್ ಹತ್ತಿರ ದುಓಮೋಂ ಕೋಟೆಗೂ ಸುತ್ತ ಇಂಥದೇ ಬೋಳು ಇಳಿಜಾರು ಇತ್ತು, ಮೊದಲನೇ ಮಹಾಯುದ್ಧದಲ್ಲಿ, 1916ರ ಫೆಬ್ರವರಿ 25ಕ್ಕೆ, ಒಳಗೆ ಇದ್ದಿದ್ದು ಸುಮಾರು 60 ಜನ, ಜರ್ಮನರ ಒಂದು ಸಣ್ಣ ತುಕಡಿ ಹೊಕ್ಕು ಹಿಡಿದೇಬಿಡ್ತು, ವಾಪಸ್ ತಗೊಳ್ಳೋಕೆ ಅಕ್ಟೋಬರ್ ತನಕ ರಕ್ತ ಹರಿಸಬೇಕಾಯ್ತು. ವಿಷಯ ಬಿಟ್ಟು ಎಲ್ಲಿಗೋ ಹೋದೆ. ನನ್ನ ವೋಟು ‘ಓರೆಬಯಲು’.

ಧಾರವಾಡದಿಂದ:

ಓರೆಬಯಲು ನಡೀತೈತಿ. ಬಯಲಾಟದ ನೆನಪೂ ಬರತೈತಿ.

ಬೆಂಗಳೂರಿನಿಂದ:

ಕನ್ನಡದ್ದೇ ಪದ. ತಕರಾರಿಲ್ಲ. ಕಂದಕದ ಮೇಲಿನ ತಕರಾರು ಹಾಗೇ ಇದೆ.

ಸ್ಟ್ರಾಸ್‌ಬರ್ಗ್‌ನಿಂದ:

ಪ್ರಿಂಟಿಗೆ ಹೋಯ್ತು. ಚೂಪು ಕೊತ್ತಲ, ಮರೆದಾರಿ, ‘ಊಟ: ಓರೆಬಯಲಿನಲ್ಲಿ’. ಕಂದಕ ಕಂದಕವಾಗೇ ಇದೆ, ಕ್ಷಮಿಸಿ, ಈಗ ಅದರಲ್ಲಿ ನೀರಿಲ್ಲ, ಬರೀ ಹುಲ್ಲು. ದಮಿ-ಲ್ಯೂನಿಗೆ ಅರ್ಧಚಂದ್ರ ಅಂತಲೇ ಹಾಕಿ ಪಕ್ಕದಲ್ಲಿ ಮೇಷ್ಟ್ರ ಕುತ್ತಿಗೆ ಕಥೆ ಬರೆದೆ, ಅಮ್ಮ ಓದಿ ನಕ್ಕಿದ್ದು ಅದೊಂದಕ್ಕೇ.

ನಕ್ಷೆ ಮುಗಿಸುವಾಗ ಇನ್ನೊಂದು ಸಿಕ್ತು. ಕಂದಕದ ಒಳಗೆ ಗೋಡೆ ಮುಂದೆ ತಗ್ಗಾಗಿ ಕಟ್ಟಿರೋ ತನಾಯ್, ಅವರ ಮಾತಲ್ಲಿ ಅದು ಇಕ್ಕಳ. ಸದ್ಯಕ್ಕೆ ಇಕ್ಕಳ ಅಂತ ಬರೆದಿದೀನಿ, ಅದೂ ಧಾತು ಅನುವಾದವೇ ಆಯ್ತಲ್ಲ ಮೈಸೂರಿನ ಸರ್?

ಮೈಸೂರಿನಿಂದ:

ಆಯ್ತು. ಆದ್ರೆ ಇಕ್ಕಳದ ಆಕಾರ ಅದಕ್ಕೆ ನಿಜವಾಗ್ಲೂ ಇದೆ, ಇರಲಿ ಬಿಡಿ.