ಮ್ಯಾಕ್‌ನೊಳಗಿನ ವಿಂಡೋಸ್‌ಗೆ ಎನ್‌ವಿಡಿಎ ಕೀ ಯಾವುದನ್ನು ಇಟ್ಟುಕೊಂಡಿದ್ದೀರಿ?

ಕಡಲತಡಿ:
ಮ್ಯಾಕ್‌ಬುಕ್‌ನಲ್ಲಿ ವಿಎಂವೇರ್ ಫ್ಯೂಷನ್ (ಮ್ಯಾಕ್ ಒಳಗೇ ಇನ್ನೊಂದು ಕಂಪ್ಯೂಟರ್‌ನಂತೆ ವಿಂಡೋಸ್ ಓಡಿಸುವ ತಂತ್ರಾಂಶ) ಹಾಕಿ ವಿಂಡೋಸ್ 11 ಓಡಿಸುತ್ತಿದ್ದೇನೆ. ಪರದೆ ಓದಿ ಹೇಳಲು ಹೊರಗೆ ಮ್ಯಾಕ್‌ನ ವಾಯ್ಸ್‌ಓವರ್, ಒಳಗೆ ವಿಂಡೋಸ್‌ನ ಎನ್‌ವಿಡಿಎ. ಎನ್‌ವಿಡಿಎ ಆಜ್ಞೆಗಳಿಗೆ ಒತ್ತಿ ಹಿಡಿಯುವ ‘ಎನ್‌ವಿಡಿಎ ಕೀ’ ಅಂದರೆ ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್. ಈ ಕೀಬೋರ್ಡ್‌ನಲ್ಲಿ ಇನ್ಸರ್ಟ್ ಇಲ್ಲ. ಕ್ಯಾಪ್ಸ್ ಲಾಕ್ ಒತ್ತಿ ಹಿಡಿದರೆ ಒಳಗೆ ಸರಿಯಾಗಿ ತಲುಪುವುದಿಲ್ಲ. ನೀವೆಲ್ಲ ಏನು ಮಾಡಿಕೊಂಡಿದ್ದೀರಿ?

ಬೆರಳಲೆಕ್ಕ:
ವಿಂಡೋಸ್‌ನಲ್ಲಿ ಶಾರ್ಪ್‌ಕೀಸ್ ಹಾಕಿ, ಒಂದು ಕೀಗೆ ಇನ್ನೊಂದರ ಕೆಲಸ ಕೊಡುವ ತಂತ್ರಾಂಶ ಅದು. ಅಂಕಿ 1ರ ಎಡಗಡೆ ಇರುವ ಕೀಗೆ ಇನ್ಸರ್ಟ್ ಕೀಯ ಕೆಲಸ ಕೊಡಿ, ರಿಜಿಸ್ಟ್ರಿಗೆ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಬರೆಸಿ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗೀತು. ಆ ಕೀ ಯಾರಿಗೆ ಬೇಕು ಹೇಳಿ?

ಮಲೆನಾಡಿಗ:
ಕನ್ನಡ ಬರೆಯುವವರಿಗೆ ಬೇಕು ಸ್ವಾಮಿ! ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಲೇಔಟ್‌ನಲ್ಲಿ ‘ೊ’ ಇರೋದು ಅಲ್ಲೇ. ಶಿಫ್ಟ್ ಜೊತೆ ಒತ್ತಿದರೆ ‘ಒ’. ಅದನ್ನು ಕಿತ್ತುಕೊಂಡ ಮೇಲೆ ‘ಒಳಗೆ’, ‘ಕೊಡು’ ಬರೆಯೋದು ಹೇಗೆ? ಅದರ ಬದಲು ಇನ್ಸರ್ಟ್‌ಗೆ ಬಲಗಡೆಯ ಕಮಾಂಡ್ ತಗೊಳ್ಳಿ. ವಿಂಡೋಸ್‌ಗೆ ಅದು ಬಲಗಡೆಯ ವಿಂಡೋಸ್ ಕೀ, ಸುಮ್ನೆ ಬಿದ್ದಿರುತ್ತದೆ.

ಬೆರಳಲೆಕ್ಕ:
ಎಲ್ಲಿ ಸುಮ್ನೆ ಬಿದ್ದಿರುತ್ತದೆ? ಫೋಕಸ್ ಎಲ್ಲಿದೆ ಅಂತ ಕೇಳಲು ಎನ್‌ವಿಡಿಎ + ಟ್ಯಾಬ್ ಒತ್ತಿ ನೋಡಿ. ಮ್ಯಾಕ್‌ಗೆ ಅದು ಕಮಾಂಡ್ + ಟ್ಯಾಬ್. ವಿಂಡೋಸ್ ಬಿಟ್ಟು ಬೇರೆ ಆ್ಯಪ್‌ಗೆ ಹೋಗಿ ಬೀಳ್ತೀರಿ.

ಮಲೆನಾಡಿಗ:
ಅದಕ್ಕೇ ಫ್ಯೂಷನ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಮ್ಯಾಕ್ ಶಾರ್ಟ್‌ಕಟ್‌ಗಳನ್ನು ಆಫ್ ಮಾಡಬೇಕು. ಕೀ ಮ್ಯಾಪಿಂಗ್ ಕೂಡ. ಇಲ್ಲದಿದ್ದರೆ ಕಮಾಂಡ್ + ಸಿ ಒತ್ತಿದ್ದು ಒಳಗೆ ಕಂಟ್ರೋಲ್ + ಸಿ ಆಗುತ್ತದೆ. ಹೊರಗೆ ಬರಲು ಕಂಟ್ರೋಲ್ + ಕಮಾಂಡ್ ಇದ್ದೇ ಇದೆ.

ಹಳೇಗಾಡಿ:
ಇಷ್ಟೆಲ್ಲ ಯಾಕೆ? ಇನ್ಸರ್ಟ್ ಇರುವ ಯುಎಸ್‌ಬಿ ಕೀಬೋರ್ಡ್ ಚುಚ್ಚಿಕೊಳ್ಳಿ.

ಕಡಲತಡಿ:
ಬಸ್ಸಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವನು ನಾನು. ಇನ್ನೊಂದು ಕೀಬೋರ್ಡ್ ಎಲ್ಲಿಡಲಿ?
ಬಲಗಡೆಯ ಕಮಾಂಡ್ ಪರವಾಗಿಲ್ಲ ಅನಿಸುತ್ತಿದೆ. ಆದರೆ ಎನ್‌ವಿಡಿಎ ಮಧ್ಯದಲ್ಲಿ ನಿಂತುಹೋದರೆ ಅದನ್ನು ಮತ್ತೆ ಎಬ್ಬಿಸುವ ಕಂಟ್ರೋಲ್ + ಆಲ್ಟ್ + ಎನ್ ಕೆಲಸ ಮಾಡೋದೇ ಇಲ್ಲ. ಕಿವಿಗೆ ಏನೂ ಬೀಳಲ್ಲ.

ರಾತ್ರಿಪಾಳಿ:
ಆಲ್ಟ್ ಅಂದರೆ ಮ್ಯಾಕ್‌ನ ಆಪ್ಷನ್. ಕಂಟ್ರೋಲ್ + ಆಪ್ಷನ್ ವಾಯ್ಸ್‌ಓವರ್‌ನದೇ ಕೀ, ಹಾಗಾಗಿ ನೀವು ಒತ್ತಿದ್ದು ಒಳಗೆ ಹೋಗೋ ಮೊದಲೇ ವಾಯ್ಸ್‌ಓವರ್ ನುಂಗಿಬಿಡುತ್ತದೆ. ವಾಯ್ಸ್‌ಓವರ್ ಯುಟಿಲಿಟಿಯಲ್ಲಿ ಮಾಡಿಫೈಯರ್ (ಅದರ ಆಜ್ಞೆಗಳಿಗೆ ಒತ್ತಿ ಹಿಡಿಯುವ ಕೀ) ಅನ್ನು ಬರೀ ಕ್ಯಾಪ್ಸ್ ಲಾಕ್ ಮಾಡಿ. ಆಗ ಕ್ಯಾಪ್ಸ್ ಲಾಕ್ ಮ್ಯಾಕ್‌ಗೆ, ಬಲಗಡೆಯ ಕಮಾಂಡ್ ವಿಂಡೋಸ್‌ಗೆ. ಕಿತ್ತಾಟವಿಲ್ಲ.
ಕಮಾಂಡ್ + ಎಫ್5 ಒತ್ತಿ ವಾಯ್ಸ್‌ಓವರ್ ಅನ್ನೇ ನಿಲ್ಲಿಸಿ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವಿಂಡೋಸ್ ಹ್ಯಾಂಗ್ ಆದಾಗ ಮಾತಾಡಲು ಒಬ್ಬರಾದರೂ ಎಚ್ಚರ ಇರಬೇಕಲ್ವಾ?

ಕಡಲತಡಿ:
ಮಾಡಿದೆ. ಕಂಟ್ರೋಲ್ + ಆಲ್ಟ್ + ಎನ್ ಒತ್ತಿದ ಕೂಡಲೇ ಎನ್‌ವಿಡಿಎ ಎದ್ದಿತು. ‘ಒ’ ಕೂಡ ಜಾಗದಲ್ಲೇ ಇದೆ. ಬೆರಳಲೆಕ್ಕ ಅವರೇ, ನೀವು ‘ಒ’ ಹೇಗೆ ಬರೀತೀರಿ?

ಬೆರಳಲೆಕ್ಕ:
ನಾನು ನುಡಿ ಲೇಔಟ್‌ನವನು. ಇಂಗ್ಲಿಷಿನ ಓ ಒತ್ತಿದರೆ ‘ಒ’ ಬರುತ್ತದೆ. ನನ್ನ ಇನ್ಸರ್ಟ್ ಅಲ್ಲೇ ಇರಲಿ ಬಿಡಿ.