ಸಹಾಯ ಬೇಕು: ‘ಜೇವರ್ಗಿ’ ಹುಡುಕಿದ್ರ ಕೆಲವು ಸಾಲಷ್ಟೇ ಬರ್ತಾವ

ನಮಸ್ಕಾರ್ರೀ. ಕಲಬುರಗಿ ಜಿಲ್ಲಾದ ತೊಗರಿ ರೈತರ ಪಟ್ಟಿ ಪೋಸ್ಟ್‌ಗ್ರೆಸ್ 15 ಡೇಟಾಬೇಸ್‌ನಾಗ ಅದ. ಊರಿನ ಕಾಲಮ್‌ನಾಗ ‘ಜೇವರ್ಗಿ’ ಹುಡುಕಿದ್ರ ಕೆಲವು ಸಾಲು ಬರ್ತಾವ, ಕೆಲವು ಬರಂಗಿಲ್ಲ. ಕಣ್ಣಿಗಂತೂ ಎಲ್ಲಾ ಒಂದೇ.

ಲೆಂಗ್ತ್ (ಎಷ್ಟು ಯೂನಿಕೋಡ್ ಕೋಡ್ ಅದಾವ ಅಂತ) ಹಾಕಿ ನೋಡಿದ್ರ ಕೆಲವಕ್ಕ 7, ಕೆಲವಕ್ಕ 8. ‘ಜೇ’ದಾಗಿನ ಏತ್ವ ಕೆಲವು ಕಡೆ ಒಂದೇ ಕೋಡ್ (0ಸಿಸಿ7), ಕೆಲವು ಕಡೆ ಎತ್ವ ಮತ್ತು ದೀರ್ಘ (0ಸಿಸಿ6, 0ಸಿಡಿ5) ಅಂತ ಒಡದು ಬಂದದ. ನಾರ್ಮಲೈಸ್ ಫಂಕ್ಷನ್‌ಲೆ ಎನ್‌ಎಫ್‌ಸಿ (ಒಡದ ಕೋಡ್ ಕೂಡಿಸಿ ಒಂದು ಮಾಡೋ ರೂಪ) ಮಾಡಿದ ಮ್ಯಾಲೆ ಅವು ಸರಿ ಹೋದ್ವು. ಉಳಿದವು ಇನ್ನೂ 8ಕ್ಕೇ ನಿಂತಾವ. ಬೈಟ್ ತೆಗೆದು ನೋಡಿದ್ರ ಕೊನೀಗೆ ಇ2 80 8ಸಿ, ಅಂದ್ರ ಕಾಣದ ನಾನ್‌ಜಾಯಿನರ್ (ಅಕ್ಷರ ಕೂಡದಂಗ ತಡೆಯೋ ಗುರುತು, 200ಸಿ). ಎನ್‌ಎಫ್‌ಸಿ ಇದನ್ನ ಮುಟ್ಟಂಗೇ ಇಲ್ಲ!

ಅದನ್ನ ಎಲ್ಲಾ ಕಡೆ ಅಳಸೋಣಂದ್ರ ಹೆಸರಿನ ಕಾಲಮ್‌ನಾಗ ‘ರಾಜ್‌ಶೇಖರ’ ಹೋಗಿ ‘ರಾಜ್ಶೇಖರ’ ಆಗ್ತದ. ಐಸಿಯು ನಾನ್‌ಡಿಟರ್ಮಿನಿಸ್ಟಿಕ್ ಕೊಲೇಶನ್ (ಇಂಥಾ ಕಾಣದ ಗುರುತು ಲೆಕ್ಕಕ್ಕ ಹಿಡೀದ ಹೋಲಿಕೆ ನಿಯಮ) ಹಾಕಿದ್ರ ಸಮ ಹೋಲಿಕೆ ನಡೀತದ, ಆದ್ರ 15ರಾಗ ಅದರ ಮ್ಯಾಲೆ ಲೈಕ್ (ಪದದ ಭಾಗ ಕೊಟ್ಟು ಹುಡುಕೋದು) ಹಾಕಿದ್ರ ಎರರ್. ನಮಗ ಲೈಕ್ ಬೇಕೇ ಬೇಕು.

ಮೂಲ ಕಾಲಮ್ ಹಂಗೇ ಬಿಟ್ಟು, ನಾನ್‌ಜಾಯಿನರ್ ತೆಗೆದ ಜನರೇಟೆಡ್ ಕಾಲಮ್ (ಮೂಲದಿಂದ ತಾನೇ ತುಂಬೋ ಕಾಲಮ್) ಮಾಡಿ ಅದಕ್ಕ ಇಂಡೆಕ್ಸ್ ಹಾಕೋದು ಚಲೋನೋ, ಇಲ್ಲಾ ಎಂಟ್ರಿ ಫಾರ್ಮ್‌ನಾಗೇ ತಡೀಬೇಕೋ? ಹುಡುಕೋ ಕಾಲಮ್‌ನಾಗ 200ಡಿ (ಕಾಣದ ಜಾಯಿನರ್) ಸೈತ ತೆಗೀಬೇಕೇನ್ರಿ?