ಪದಚರ್ಚೆ: ಪ್ರೋಗ್ರಾಮಿನ ‘ಆರ್ಗ್ಯುಮೆಂಟ್’ಗೆ ನಿಯತಾಂಕ ಅನ್ನಬಹುದೇ?

ಗೆಳೆಯರೇ,

ರಾಯಚೂರಿನಲ್ಲಿ ಡಿಪ್ಲೊಮಾ ಹುಡುಗರಿಗಾಗಿ ಪ್ರೋಗ್ರಾಮಿಂಗ್ ಟಿಪ್ಪಣಿ ಬರೆಯುತ್ತಿದ್ದೇನೆ. ಉದಾಹರಣೆಗೆ ಸಿಂಧನೂರು ಕಡೆಯ ಅಕ್ಕಿ ಗಿರಣಿಯ ಬಿಲ್ಲಿನ ತಂತ್ರಾಂಶ ಇಟ್ಟುಕೊಂಡಿದ್ದೇನೆ: ಗುಂಡಿ ಒತ್ತಿದರೆ ತಿಂಗಳ ಬಿಲ್ಲುಗಳ ಪಿಡಿಎಫ್ ಬೇಕಾದ ಪುಟದಲ್ಲೇ ತೆರೆದುಕೊಳ್ಳಬೇಕು.

ವಿಂಡೋಸ್‌ನಲ್ಲಿ ಶೆಲ್‌ಎಕ್ಸಿಕ್ಯೂಟ್ ಎಂಬ ಫಂಕ್ಷನ್ನಿಗೆ ಕಡತದ ಹೆಸರು ಕೊಟ್ಟರೆ ಸಾಕು, ಆ ಬಗೆಯ ಕಡತಕ್ಕೆ ಗೊತ್ತುಮಾಡಿದ ತಂತ್ರಾಂಶವನ್ನು ಅದೇ ಹುಡುಕಿ ತೆರೆಯುತ್ತದೆ. ಆದರೆ ‘5ನೇ ಪುಟಕ್ಕೆ ಹೋಗು’ ಎಂದು ಜೊತೆಗೆ ಹೇಳಿಕಳಿಸಲು ಬರುವುದಿಲ್ಲ. ಕಡತ ಕೊಟ್ಟಾಗ ಪ್ಯಾರಾಮೀಟರ್ (ಜೊತೆಗೆ ಹೇಳುವ ಮಾಹಿತಿ ಬರೆಯುವ) ಜಾಗ ಖಾಲಿ ಬಿಡಿ ಎಂದೇ ಮೈಕ್ರೋಸಾಫ್ಟ್ ದಾಖಲೆಯಲ್ಲಿದೆ. ಹಾಗಾಗಿ ಅಸೋಕ್‌ಕ್ವೆರಿಸ್ಟ್ರಿಂಗ್ ಎಂಬ ಇನ್ನೊಂದು ಫಂಕ್ಷನ್ನಿನಿಂದ ಆ ತಂತ್ರಾಂಶ ಎಲ್ಲಿದೆ ಎಂದು ಪತ್ತೆಹಚ್ಚಿ, ಅದನ್ನೇ ನೇರವಾಗಿ ಚಾಲೂ ಮಾಡಿ, ಕಡತದ ಹೆಸರು, ಪುಟಸಂಖ್ಯೆ ಎರಡನ್ನೂ ಕೊಡಬೇಕು. ಅಕ್ರೊಬ್ಯಾಟ್ ಆದರೆ ‘/ಎ’ ಗುರುತಿನ ಮುಂದೆ ಪುಟ ತಿಳಿಸಬೇಕು. ಗಿರಣಿಯವರು ಬೇರೆ ಪಿಡಿಎಫ್ ತಂತ್ರಾಂಶ ಹಾಕಿಕೊಂಡಿದ್ದರೆ ಅದರ ಗುರುತೇ ಬೇರೆ.

ಹೀಗೆ ಜೊತೆಗೆ ಕೊಡುವ ಮಾಹಿತಿಗೆ ಇಂಗ್ಲಿಷಿನಲ್ಲಿ ಆರ್ಗ್ಯುಮೆಂಟ್ ಅಂತಾರೆ, ಕನ್ನಡದಲ್ಲಿ ಏನನ್ನೋಣ? ‘ವಾದ’ ಅಂದರೆ ಹುಡುಗರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ‘ನಿಯತಾಂಕ’ ಬಳಕೆಯಲ್ಲಿದೆ ನಿಜ, ಆದರೆ ಪ್ಯಾರಾಮೀಟರ್‌ಗೆ. ಅವೆರಡೂ ಒಂದಲ್ಲ. ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ತಂತ್ರಾಂಶದ ವಿಳಾಸದ ಮುಂದೆ "%1" ಎಂದಿರುತ್ತದಲ್ಲ, ಆ ಖಾಲಿ ಜಾಗ ಪ್ಯಾರಾಮೀಟರ್ ಇದ್ದಂತೆ. ತೆರೆಯುವಾಗ ಅಲ್ಲಿ ಬಂದು ಕೂರುವ ಕಡತದ ಹೆಸರು ಆರ್ಗ್ಯುಮೆಂಟ್. ಎರಡಕ್ಕೂ ಒಂದೇ ಪದ ಇಟ್ಟರೆ ಈ ವ್ಯತ್ಯಾಸ ಹೇಳುವುದು ಹೇಗೆ? ಮೇಲಾಗಿ, ಸಲಕ್ಕೊಂದರಂತೆ ಬದಲಾಗುವ ಪುಟಸಂಖ್ಯೆಗೆ ‘ನಿಯತ’ ಎಂಬುದೇ ಒಪ್ಪುವುದಿಲ್ಲ. ಉಣಿಸಿದ್ದು ಎಂಬ ಅರ್ಥದ ‘ಊಡಿಕೆ’ ಹೊಳೆಯಿತು, ಇನ್‌ಪುಟ್ ಜೊತೆ ಕಲಸುಮೇಲೋಗರ ಆದೀತು. ಸದ್ಯ ‘ಜೊತೆಮಾಹಿತಿ’ ಎಂದು ಬರೆದಿದ್ದೇನೆ, ಮನಸ್ಸಿಗೆ ಪೂರಾ ಒಪ್ಪಿಲ್ಲ.

ಒಂದು ಬಗೆಯ ಕಡತಕ್ಕೆ ಗೊತ್ತುಮಾಡಿದ ತಂತ್ರಾಂಶಕ್ಕೆ ‘ಡೀಫಾಲ್ಟ್’ ಅಂತಾರಲ್ಲ, ಅದಕ್ಕೆ ‘ಪೂರ್ವನಿಯೋಜಿತ’ ಎಲ್ಲೆಡೆ ಕಾಣುತ್ತದೆ. ಬಳಸುವವರು ತಾವೇ ಆರಿಸಿಟ್ಟುಕೊಂಡದ್ದೂ ಡೀಫಾಲ್ಟೇ ಆಗಿರುವಾಗ ‘ಪೂರ್ವ’ ಯಾಕೆ? ‘ರೂಢಿಯ ತಂತ್ರಾಂಶ’ ನಡೆದೀತೇ?

ತಂತ್ರಾಂಶದ ‘ಲಾಂಚ್’ಗೆ ‘ಉಡಾವಣೆ’ ಎಂದು ಸೂಚಿಸಿದವರಿದ್ದಾರೆ. ಅದು ಶ್ರೀಹರಿಕೋಟಾಕ್ಕೇ ಇರಲಿ. ನಮ್ಮ ಕಡೆ ಪಂಪ್‌ಸೆಟ್ಟಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲವನ್ನೂ ‘ಚಾಲೂ ಮಾಡು’ ಅಂತೀವಿ, ಟಿಪ್ಪಣಿಯಲ್ಲೂ ಅದನ್ನೇ ಇಟ್ಟಿದ್ದೇನೆ. ಮೈಸೂರು, ಬೆಂಗಳೂರು ಕಡೆಯವರು ಹೇಳಿ: ನಿಮಗೆ ‘ಚಾಲೂ’ ಅಂದಕೂಡಲೇ ಕಿಲಾಡಿ ಮನುಷ್ಯನೇ ನೆನಪಾಗುತ್ತಾನೋ, ಅಥವಾ ಈ ಅರ್ಥದಲ್ಲೂ ಸಲೀಸಾಗಿ ಓದಿಸಿಕೊಂಡು ಹೋಗುತ್ತದೋ?